ಹೂತುಹೋಗಿದ್ದ ಮೂರನೇ ಮೆಟ್ಟಿಲು

(ಹಳೆಯ ಮನೆಗಳನ್ನು ಉಳಿಸಿಕೊಳ್ಳಬೇಕು ಅಂತ ಆಸೆ ಇರುವ ಕೆಲವರು ಶಿವಮೊಗ್ಗದಲ್ಲಿ ಸೇರಿದ್ದಾಗ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿಯವಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮನೆಯವರು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಾರೆ. ನಾವಿಬ್ಬರೂ ಗಾರೆ ಕೆಲಸ ಕಲಿತವರಲ್ಲ. ಆದರೂ ಎರಡು ವರ್ಷದಲ್ಲಿ ನಮ್ಮ ಮನೆಯ ಮಾಡು, ಗೋಡೆ, ನೆಲ ಮೂರನ್ನೂ ಬಹುಮಟ್ಟಿಗೆ ನಾವೇ ಕೈಯಾರೆ ಸರಿ ಮಾಡಿದ್ದೇವೆ. ಅಷ್ಟೂ ದಿನ ಅದೇ ಮನೆಯಲ್ಲೇ ಇದ್ದೆವು. ಅಡುಗೆ, ಸ್ನಾನ, ಹಬ್ಬ, ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ, ಅತ್ತೆಯ ಮೊಣಕಾಲು ನೋವು, ಎಲ್ಲವೂ ಆ ಮಣ್ಣು ಧೂಳಿನ ನಡುವೆಯೇ ನಡೆಯಿತು.

ಅದರ ಬಗ್ಗೆ ಮಾತಾಡಿ ಅಂದಿದ್ದೀರಿ. ಹೇಗೆ ಮಾಡಿದೆವು ಅನ್ನುವುದರ ಜೊತೆ, ಅಲ್ಲೇ ಇದ್ದದ್ದರಿಂದ ಏನಾಯಿತು ಅನ್ನುವುದನ್ನೂ ಹೇಳಬೇಕು ಅಂತ ನನಗೆ ಆಸೆ. ಯಾಕೆಂದರೆ ನಾವು ಆ ಮನೆ ಬಿಟ್ಟು ಬಾಡಿಗೆ ಮನೆಗೆ ಹೋಗಿದ್ದರೆ ಪೂರ್ತಿ ತಪ್ಪು ಕೆಲಸ ಮಾಡಿಸಿಬಿಡುತ್ತಿದ್ದೆವು.

ಮನೆ ಕಟ್ಟಿಸಿದ್ದು ನಮ್ಮ ಮಾವನವರ ತಂದೆ. ಪಾಯ ಜಂಬಿಟ್ಟಿಗೆಯದು, ಅಂದರೆ ಕೆಂಪು ಮುರಕಲ್ಲಿನದು. ಗೋಡೆ ಮಣ್ಣಿನದು, ಒಂದೂವರೆ ಅಡಿ ದಪ್ಪ. ಮೇಲೆ ಮಂಗಳೂರು ಹೆಂಚು. ಜಗಲಿಗೂ ನಡುಮನೆಗೂ ಕೆಂಪು ಗಾರೆ ನೆಲ. ಮಾವ ತೀರಿಕೊಂಡ ಮೇಲೆ ಮನೆ ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಕೆಡವಿ ಆರ್‌ಸಿಸಿ ಹಾಕಿಸಿ. ಇಲ್ಲವಾದರೆ ಆರು ತಿಂಗಳು ಬೇರೆ ಕಡೆ ಇದ್ದು ಪೂರ್ತಿ ರಿಪೇರಿ ಮಾಡಿಸಿ. ಅತ್ತೆ ಎರಡಕ್ಕೂ ಒಪ್ಪಲಿಲ್ಲ. "ನಾನು ಈ ಹೊಸಿಲು ದಾಟಿ ಬೇರೆ ಮನೆಯಲ್ಲಿ ದೀಪ ಹಚ್ಚುವುದಿಲ್ಲ" ಅಂದರು. ಅವರಿಗೆ ಆಗ 76 ವರ್ಷ. ನಮಗೂ ಎರಡು ಮನೆ ಖರ್ಚು ಹೊರುವ ಶಕ್ತಿ ಇರಲಿಲ್ಲ. ಸರಿ, ಇಲ್ಲೇ ಇದ್ದುಕೊಂಡು ಸಾಧ್ಯವಾದಷ್ಟು ನಾವೇ ಮಾಡೋಣ ಅಂತ ತೀರ್ಮಾನಿಸಿದೆವು.

ಮೊದಲು ಒಂದು ಪಟ್ಟಿ ಬರೆದೆವು. ಹೊರಗೋಡೆಗೆ ಸುತ್ತ ಸಿಮೆಂಟ್ ಪ್ಲಾಸ್ಟರ್. ಒಳಗೆ ನೆಲಕ್ಕೆ ಟೈಲ್ಸ್. ಹೆಂಚು ತೆಗೆದು ತಗಡಿನ ಶೀಟು. ಆ ಕಾಗದ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿದ್ದ ಒಂದು ಕೆಲಸವನ್ನೂ ನಾವು ಮಾಡಲಿಲ್ಲ. ಪಟ್ಟಿ ಬರೆದದ್ದು ಮೇ ತಿಂಗಳಲ್ಲಿ. ದುಡ್ಡು ಹೊಂದಿಸುವಷ್ಟರಲ್ಲಿ ಮಳೆ ಹಿಡಿಯಿತು. ಆ ಮಳೆಗಾಲ ಮನೆಯೊಳಗೆ ಸುಮ್ನೆ ಕೂತು ನೋಡಿದ್ದೇ ನಮಗೆ ದೊಡ್ಡ ಪಾಠವಾಯಿತು.

ನಮ್ಮ ಕಡೆಯ ಮಳೆ ಗೊತ್ತಲ್ವಾ. ಬೆಂಗಳೂರಿನಲ್ಲಿ ವರ್ಷಕ್ಕೆ 1,000 ಮಿಲಿಮೀಟರ್ ಆಸುಪಾಸು ಬಿದ್ದರೆ, ನಮ್ಮ ತಾಲೂಕಿನ ಆಗುಂಬೆಯಲ್ಲಿ ಸರಾಸರಿ 7,000 ದಾಟುತ್ತದೆ. ನಮ್ಮೂರಲ್ಲಿ ಅಷ್ಟಿಲ್ಲ, ಆದರೂ ಆರಿದ್ರಾ ಮಳೆ ಹಿಡಿದರೆ ಪುಷ್ಯ ಮಳೆ ಮುಗಿಯುವವರೆಗೂ ಬಟ್ಟೆ ಒಣಗುವುದಿಲ್ಲ. ಇಷ್ಟು ನೀರು ಸುರಿಯುವ ಊರಲ್ಲಿ ಮಣ್ಣಿನ ಗೋಡೆಯ ಮನೆ ಅರವತ್ತು ಎಪ್ಪತ್ತು ವರ್ಷ ನಿಂತಿದೆ. ಹಾಗಾದರೆ ಅದಕ್ಕೆ ಈಗ ಏನಾಗಿದೆ? ಈ ಪ್ರಶ್ನೆ ನಮಗೆ ಬಂದದ್ದೇ ಜುಲೈ ತಿಂಗಳಲ್ಲಿ.

ನಡುಮನೆಯ ಗೋಡೆ ಕೆಳಗಿನಿಂದ ಒದ್ದೆಯಾಗುತ್ತಾ ಮೇಲೇರುತ್ತಿತ್ತು. ಬಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತಿತ್ತು. ಅದರ ಹಿಂದೆ ಬಿಳಿ ಉಪ್ಪಿನ ಪುಡಿ. ಮಗಳು ಒಂದು ಭಾನುವಾರ ಪೆನ್ಸಿಲ್ ತಂದು ಒದ್ದೆ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಗೆ ಗೆರೆ ಎಳೆದು ತಾರೀಕು ಬರೆದಳು. ಮುಂದಿನ ಭಾನುವಾರ ಮತ್ತೊಂದು ಗೆರೆ. ಆಗಸ್ಟ್ ಮುಗಿಯುವಷ್ಟರಲ್ಲಿ ಮೇಲಿನ ಗೆರೆ ನೆಲದಿಂದ ಮೂರೂವರೆ ಅಡಿಗೆ ಬಂದಿತ್ತು. ಮಾಡು ಸೋರುವುದರಿಂದ ಗೋಡೆ ಕೆಟ್ಟಿದೆ ಅಂತ ನಾವು ಅಂದುಕೊಂಡಿದ್ದೆವು. ಗೆರೆಗಳನ್ನು ನೋಡಿದರೆ ನೀರು ಬರುತ್ತಿದ್ದದ್ದು ಕೆಳಗಿನಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹಳೇ ಮನೆ ಇರುವ ಎಲ್ಲರಿಗೂ ಇದು ಬೇಕಾಗುತ್ತದೆ. ಮಣ್ಣಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಸಂದುಗಳಿರುತ್ತವೆ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಅದು ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ಹೀರಿದ್ದನ್ನು ಮೈಯಿಂದ ಗಾಳಿಗೆ ಬಿಡುತ್ತದೆ. ಹೀರುವುದು, ಬಿಡುವುದು ಸರಿಯಾಗಿ ನಡೆದರೆ ಗೋಡೆಗೆ ತೊಂದರೆ ಇಲ್ಲ. ನಮ್ಮ ಮನೆಗೆ ಇಪ್ಪತ್ತು ವರ್ಷದ ಹಿಂದೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ಹೊರಗಿನಿಂದ ಮೂರಡಿ ಎತ್ತರಕ್ಕೆ ಸಿಮೆಂಟ್ ಬಳಿದಿದ್ದರು. ಸಿಮೆಂಟು ಆ ಮೈಯನ್ನು ಮುಚ್ಚಿತು. ಕೆಳಗಿನಿಂದ ನೀರು ಏರುವುದು ನಿಲ್ಲಲಿಲ್ಲ, ಹೊರಗೆ ಆರುವುದು ಮಾತ್ರ ನಿಂತಿತು. ಆಗ ನೀರು ಸಿಮೆಂಟಿನ ಪಟ್ಟಿಗಿಂತಲೂ ಮೇಲೆ ಏರಿತು, ಇಲ್ಲವೇ ಒಳಗಡೆಗೆ ಬಂತು. ನಾವು ಪಟ್ಟಿಯಲ್ಲಿ ಬರೆದಿದ್ದ ಹಾಗೆ ಇಡೀ ಗೋಡೆಗೆ ಸಿಮೆಂಟ್ ಮಾಡಿಸಿದ್ದರೆ ಗೋಡೆ ಒಳಗೊಳಗೇ ಮೆತ್ತಗಾಗುತ್ತಿತ್ತು. ಸಿಮೆಂಟು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇಟ್ಟಿಗೆ ಗೋಡೆಗೆ, ಕಾಂಕ್ರೀಟಿಗೆ ಅದು ಬೇಕು. ಮಣ್ಣಿನ ಗೋಡೆಗೆ ಅದು ಹೊಂದುವುದಿಲ್ಲ.

ಸರಿ, ಸಿಮೆಂಟ್ ಒಂದು ಕಾರಣ. ಆದರೆ ನೆಲದ ನೀರು ಅಷ್ಟು ಜಾಸ್ತಿ ಯಾಕೆ ಬರುತ್ತಿದೆ? ಇದಕ್ಕೆ ಉತ್ತರ ಕೊಟ್ಟವರು ಅತ್ತೆ.

ಒಂದು ಸಂಜೆ ಜಗಲಿಯಲ್ಲಿ ಅಡಿಕೆ ಹೆರೆಯುತ್ತಾ ಕೂತಿದ್ದರು. ಮಾಡಿನ ನೀರು ಅಂಗಳಕ್ಕೆ ಬಿದ್ದು ಗೋಡೆಗೆ ಸಿಡಿಯುತ್ತಿತ್ತು. ಅದನ್ನೇ ನೋಡುತ್ತಾ ಅಂದರು: "ನಾನು ಮದುವೆಯಾಗಿ ಬಂದಾಗ ಈ ಜಗಲಿಗೆ ಮೂರು ಮೆಟ್ಟಿಲಿತ್ತು ಮಾರಾಯ್ತಿ. ಸೇರಕ್ಕಿ ಒದ್ದು ಒಳಗೆ ಬರುವಾಗ ಎಡವಿ ಬೀಳ್ತೇನೋ ಅಂತ ಹೆದರಿಕೆಯಾಗಿತ್ತು. ಈಗ ಎರಡೇ ಅಲ್ವಾ."

ನಮ್ಮನೆಯವರು ಮರುದಿನವೇ ಹಾರೆ ಹಿಡಿದು ಕೆಳಗಿನ ಮೆಟ್ಟಿಲಿನ ಮುಂದೆ ಅಗೆದರು. ಒಂದು ಗೇಣು ಮಣ್ಣು ತೆಗೆದ ಕೂಡಲೇ ಹಾರೆ ಕಲ್ಲಿಗೆ ತಾಗಿತು. ಮೂರನೇ ಮೆಟ್ಟಿಲು ಅಲ್ಲೇ ಇತ್ತು. ಅಡಿಕೆ ಒಣಗಿಸಲು ವರ್ಷ ವರ್ಷ ಅಂಗಳಕ್ಕೆ ಮಣ್ಣು ಹಾಕಿ ಬಡಿದು ಸೆಗಣಿ ಸಾರಿಸಿದ್ದಾರೆ. ಒಮ್ಮೆ ಬಾವಿ ಆಳ ಮಾಡಿದ ಮಣ್ಣನ್ನೂ ಅಲ್ಲೇ ಹರಡಿದ್ದರಂತೆ. ಹೀಗೆ ಅಂಗಳ ಮೇಲೆ ಬಂದಿದೆ, ಜಂಬಿಟ್ಟಿಗೆ ಪಾಯ ಕೆಳಗೆ ಹೂತುಹೋಗಿದೆ. ಮಣ್ಣಿನ ಗೋಡೆಯನ್ನು ನೆಲದ ಒದ್ದೆಯಿಂದ ಎತ್ತಿ ಹಿಡಿಯಬೇಕಾದ್ದೇ ಆ ಪಾಯ. ಅದು ಮುಚ್ಚಿದ ಮೇಲೆ ಗೋಡೆ ನೇರವಾಗಿ ಒದ್ದೆ ಮಣ್ಣಿನಲ್ಲಿ ನಿಂತ ಹಾಗಾಯಿತು.

ಇದು ಯಾವ ಎಂಜಿನಿಯರಿಗೂ ಒಂದು ಸಲ ಬಂದು ನೋಡಿ ಹೋದರೆ ಗೊತ್ತಾಗುವ ಸಂಗತಿ ಅಲ್ಲ. ಅತ್ತೆ ಆ ಮನೆಯಲ್ಲಿ ಇದ್ದರು, ನಾವೂ ಇದ್ದೆವು, ಮಳೆ ಬರುತ್ತಿತ್ತು. ಆ ಮೂರೂ ಒಟ್ಟಿಗೆ ಇದ್ದದ್ದರಿಂದ ಆ ಮಾತು ಹೊರಗೆ ಬಂತು.

ಹಾಗಾಗಿ ನಮ್ಮ ಮೊದಲ ಕೆಲಸ ಮಣ್ಣು ತೆಗೆಯುವುದು. ಅಕ್ಟೋಬರಿನಲ್ಲಿ ಶುರು ಮಾಡಿದೆವು. ಬೆಳಿಗ್ಗೆ ಆರರಿಂದ ಎಂಟು, ಆಮೇಲೆ ಶಾಲೆ, ಸಂಜೆ ಕತ್ತಲಾಗುವವರೆಗೆ ಮತ್ತೆ. ಗುದ್ದಲಿ, ಬಾಂಡಲಿ, ಒಂದು ತಳ್ಳುವ ಗಾಡಿ. ಮನೆಯ ಸುತ್ತ ನಾಲ್ಕಡಿ ಅಗಲಕ್ಕೆ ಒಂದಡಿ ಆಳ ತೆಗೆದು, ಗೋಡೆಯಿಂದ ಹೊರಕ್ಕೆ ಇಳಿಜಾರು ಕೊಟ್ಟೆವು. ಮಾಡಿನ ನೀರು ಬೀಳುವ ಜಾಗಕ್ಕೆ ಸರಿಯಾಗಿ ಚರಂಡಿ ತೋಡಿ ಒಡೆದ ಹೆಂಚಿನ ಚೂರು, ಜಲ್ಲಿ ತುಂಬಿದೆವು. ನೀರು ಅದರ ಮೇಲೆ ಬಿದ್ದರೆ ಗೋಡೆಗೆ ಸಿಡಿಯುವುದಿಲ್ಲ. ಇಳಿಜಾರು ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅಲ್ಲಿಂದ ಅಳೆದುಕೊಂಡರಾಯಿತು. ಒಂದು ತಿಂಗಳಿಗೂ ಜಾಸ್ತಿ ಹಿಡಿಯಿತು. ಸಾಮಾನಿಗೆ ಖರ್ಚಾದದ್ದು ಜಲ್ಲಿಗೆ ಮಾತ್ರ. ಇಡೀ ರಿಪೇರಿಯಲ್ಲಿ ಇದಕ್ಕಿಂತ ಕಡಿಮೆ ದುಡ್ಡಿನ ಕೆಲಸ ಇಲ್ಲ, ಇದಕ್ಕಿಂತ ದೊಡ್ಡ ಉಪಕಾರ ಮಾಡಿದ ಕೆಲಸವೂ ಇಲ್ಲ.

ಆಮೇಲೆ ಸಿಮೆಂಟ್ ಕೀಳುವುದು. ಉಳಿ, ಸುತ್ತಿಗೆ. ಸಣ್ಣ ಪೆಟ್ಟು ಕೊಡಬೇಕು. ಜೋರಾಗಿ ಹೊಡೆದರೆ ಸಿಮೆಂಟಿನ ಜೊತೆ ಗೋಡೆಯೂ ಕಿತ್ತು ಬರುತ್ತದೆ. ಕೆಲವು ಕಡೆ ಬಂದೇ ಬಂತು. ಒಳಗಿನ ಮಣ್ಣನ್ನು ಮುಟ್ಟಿದರೆ ಹಿಟ್ಟು ನಾದಿದ ಹಾಗೆ ಮೆತ್ತಗಿತ್ತು. ಆ ದಿನ ನನಗೆ ನಿಜವಾಗಿ ಭಯವಾಯಿತು. ಒಂದು ಕಡೆ ಎರಡಡಿ ಅಗಲದ ಗೋಡೆಯನ್ನೇ ಬಿಡಿಸಿ ಜಂಬಿಟ್ಟಿಗೆ ಚೂರು, ಮಣ್ಣು ಸೇರಿಸಿ ಹೊಸದಾಗಿ ತುಂಬಬೇಕಾಯಿತು. ಅದಕ್ಕೆ ಮಾತ್ರ ನಮ್ಮೂರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆದೆವು. ಮಾಡಿನ ಭಾರ ಹೊತ್ತ ಗೋಡೆಯನ್ನು ಬಿಚ್ಚುವುದು ನಮ್ಮಂಥವರ ಕೈಗೆ ಬಿಟ್ಟ ಕೆಲಸ ಅಲ್ಲ. ಅವರು ಮೇಲೆ ತೊಲೆಗೆ ಎರಡು ಕಂಬದ ಊರೆ ಕೊಟ್ಟ ಮೇಲೆಯೇ ಗೋಡೆ ಮುಟ್ಟಿದ್ದು. ಈ ಕೆಲಸಕ್ಕೆಲ್ಲ ಧೂಳಿನ ಮಾಸ್ಕ್ ಬೇಕೇ ಬೇಕು. ಮೂಗಿಗೆ ಸೆರಗು ಕಟ್ಟಿಕೊಂಡರೆ ಆಗುವುದಿಲ್ಲ. ಸಿಮೆಂಟಿನ, ಮರಳಿನ ನುಣ್ಣನೆ ಧೂಳು ಬಟ್ಟೆಯೊಳಗಿಂದ ಹೋಗಿ ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ.

ಗೋಡೆ ಬರಿಮೈಯಲ್ಲಿ ಮೂರು ತಿಂಗಳು ಆರಿತು. ಬಂದವರೆಲ್ಲ "ಇದೇನು ಹೀಗೇ ಬಿಟ್ಟಿದ್ದೀರಿ?" ಅನ್ನುತ್ತಿದ್ದರು. ಆರಲಿ ಅಂತ ಕಾಯುವುದೂ ಕೆಲಸವೇ. ದುಡ್ಡು ಕೊಟ್ಟು ಮಾಡಿಸಿದ್ದರೆ ಕೆಲಸದವರನ್ನು ಮೂರು ತಿಂಗಳು ಕಾಯಿಸಲು ಆಗುತ್ತಿರಲಿಲ್ಲ.

ಇನ್ನು ಮಣ್ಣಿನ ಗಿಲಾವು, ಅಂದರೆ ಗೋಡೆಗೆ ಮೆತ್ತುವ ಮಣ್ಣಿನ ಪ್ಲಾಸ್ಟರ್. ಇದರಲ್ಲಿ ನನಗೆ ಸಿಕ್ಕಷ್ಟು ಸಂತೋಷ ಬೇರೆ ಯಾವುದರಲ್ಲೂ ಸಿಗಲಿಲ್ಲ. ಮೊದಲು ಮಣ್ಣು ಹೇಗಿದೆ ಅಂತ ನೋಡಬೇಕು. ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ಒಂದೆರಡು ನಿಮಿಷದಲ್ಲೇ ತಳಕ್ಕೆ ಕೂರುತ್ತದೆ. ಅದರ ಮೇಲೆ ನುಣ್ಣನೆಯ ಮಣ್ಣು. ಜೇಡಿ ಕೂರಲು ಒಂದು ದಿನವೂ ಬೇಕಾಗಬಹುದು. ಮೂರು ಪದರ ಬೇರೆ ಬೇರೆ ಕಾಣುತ್ತದೆ. ಇದನ್ನು ನಾನು ಶಾಲೆಯಲ್ಲಿ ಮಕ್ಕಳ ಹತ್ತಿರವೂ ಮಾಡಿಸಿದೆ. ನಮ್ಮ ಹಿತ್ತಿಲ ಮಣ್ಣಿನಲ್ಲಿ ಜೇಡಿ ಜಾಸ್ತಿ ಇತ್ತು. ಜೇಡಿ ಜಾಸ್ತಿಯಾದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಕಡಿಮೆಯಾದರೆ ಅಂಟುವುದಿಲ್ಲ, ಕೈ ತಾಗಿದರೆ ಉದುರುತ್ತದೆ.

ಹಾಗಾಗಿ ಕೊಟ್ಟಿಗೆಯ ಗೋಡೆಯ ಮೇಲೆ ಒಂದೊಂದು ಚದರಡಿಯ ನಾಲ್ಕು ತುಂಡು ಮೆತ್ತಿ ನೋಡಿದೆವು. ಒಂದು ಪಾಲು ಮಣ್ಣಿಗೆ ಮರಳು ಅರ್ಧ ಪಾಲು, ಒಂದು ಪಾಲು, ಒಂದೂವರೆ, ಎರಡು. ಎಲ್ಲಕ್ಕೂ ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು. ಒಂದು ವಾರ ಬಿಟ್ಟು ನೋಡಿದರೆ ಮೊದಲನೆಯದು ಕೆರೆ ಒಣಗಿದ ಹಾಗೆ ಸೀಳಿತ್ತು. ಒಂದೂವರೆ ಪಾಲಿನದು ಚೆನ್ನಾಗಿ ನಿಂತಿತ್ತು. ನಿಮ್ಮೂರ ಮಣ್ಣಿಗೆ ಇದೇ ಲೆಕ್ಕ ಸರಿಹೋಗುವುದಿಲ್ಲ, ನೀವೇ ಮೆತ್ತಿ ನೋಡಬೇಕು.

ಮಣ್ಣು, ಹುಲ್ಲು, ಸ್ವಲ್ಪ ಸೆಗಣಿ ಸೇರಿಸಿ ಗುಂಡಿಯಲ್ಲಿ ಎಂಟು ಹತ್ತು ದಿನ ನೆನೆಸಬೇಕು. ಹುಲ್ಲು ಕೊಳೆತು ಅಂಟು ಬರುತ್ತದೆ. ವಾಸನೆಯೂ ಬರುತ್ತದೆ. ಆಮೇಲೆ ಕಾಲಲ್ಲಿ ತುಳಿಯಬೇಕು. ಅದೇ ಮೇಸ್ತ್ರಿ ಎರಡು ದಿನ ನಮ್ಮ ಜೊತೆ ನಿಂತು ಹೇಳಿಕೊಟ್ಟರು. ಆ ಎರಡು ದಿನಕ್ಕೆ ಅವರಿಗೆ ಪೂರ್ತಿ ಕೂಲಿ ಕೊಟ್ಟೆವು. ಕಲಿಸುವುದೂ ಕೆಲಸ. ನಾನು ಕರಣೆಯನ್ನು ಒತ್ತಿ ಹಿಡಿದು ಎಳೆಯುತ್ತಿದ್ದೆ. "ಟೀಚರೇ, ಮಗುವಿನ ಬೆನ್ನು ಸವರಿದ ಹಾಗೆ ಸವರಿ. ಒತ್ತಿದರೆ ಮಣ್ಣು ನಿಮ್ಮ ಕರಣೆಗೇ ಅಂಟುತ್ತದೆ" ಅಂದರು. ಮೊದಲು ಗೋಡೆಗೆ ನೀರು ಚಿಮುಕಿಸಬೇಕು. ಮಣ್ಣಿನ ಉಂಡೆಯನ್ನು ಬೀಸಿ ಎಸೆಯಬೇಕು, ಆಗ ಸಂದಿಗೆಲ್ಲ ಹೋಗಿ ಕೂರುತ್ತದೆ. ಮೊದಲ ಪದರ ಹೆಬ್ಬೆರಳಿನ ದಪ್ಪ ಮೀರಬಾರದು. ಅದು ಹಸಿಯಿರುವಾಗಲೇ ಮೊಳೆಯಿಂದ ಗೀರು ಹಾಕಬೇಕು. ಎರಡನೇ ಪದರಕ್ಕೆ ಆ ಗೀರೇ ಹಿಡಿತ. ನಾಲ್ಕನೇ ದಿನಕ್ಕೆ ನನ್ನ ಕೈಗೆ ಅದು ಗೊತ್ತಾಯಿತು. ಬಾಯಲ್ಲಿ ಹೇಳಲು ಬರುವುದಿಲ್ಲ, ಕೈಗೆ ಗೊತ್ತಾಗುತ್ತದೆ.

ಕೆಳಗಿನ ಮೂರಡಿಗೆ, ಮಳೆ ತಾಗುವ ಕಡೆ, ಸುಣ್ಣದ ಗಾರೆ ಹಾಕಿದೆವು. ಸುಣ್ಣ, ಮರಳು, ಇಟ್ಟಿಗೆ ಪುಡಿ. ನಮ್ಮ ಹಿರಿಯರು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು. ನಾವು ಬೆಲ್ಲದ ನೀರು ಮಾತ್ರ ಹಾಕಿದೆವು. ಕರಾವಳಿಯಿಂದ ಚಿಪ್ಪಿನ ಸುಣ್ಣ ತರಿಸಿದ್ದೆವು. ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಟು ಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ. ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನಕ್ಕೆ ವಾಪಸ್ಸು ತೆಗೆದುಕೊಂಡು ಮತ್ತೆ ಕಲ್ಲಾಗುತ್ತದೆ. ಇದನ್ನು ಹತ್ತನೇ ತರಗತಿಗೆ ನಾನು ವರ್ಷಾ ವರ್ಷ ಸಮೀಕರಣ ಬರೆದು ಹೇಳಿಕೊಡುತ್ತೇನೆ. ಕೈಗೆ ತಾಗುವ ಬಿಸಿಯನ್ನು ಅನುಭವಿಸಿದ್ದು ಅದೇ ಮೊದಲು. ಸುಣ್ಣ ಅರಳಿಸುವಾಗ ಮಕ್ಕಳು ಹತ್ತಿರ ಇರಬಾರದು. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬಾರದು. ಕಣ್ಣಿಗೆ ಸಿಡಿದರೆ ತಡಮಾಡದೆ ನೀರಿನಲ್ಲಿ ತುಂಬಾ ಹೊತ್ತು ತೊಳೆದು ಡಾಕ್ಟರ ಹತ್ತಿರ ಓಡಬೇಕು.

ಈಗ ಮನೆಯೊಳಗಿನ ಬದುಕು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಅಡುಗೆಮನೆ ಮೂರು ಸಲ ಜಾಗ ಬದಲಾಯಿಸಿತು. ಮೊದಲು ನಡುಮನೆಯ ಮೂಲೆ, ಆಮೇಲೆ ಜಗಲಿ, ಆಮೇಲೆ ಕೊಟ್ಟಿಗೆಯ ಪಕ್ಕದ ಚಪ್ಪರ. ಪ್ರತಿ ಸಲವೂ ಸಾಸಿವೆ ಡಬ್ಬಿ ಎಲ್ಲಿ, ಕಾಯಿ ತುರಿಯುವ ಮಣೆ ಎಲ್ಲಿ ಅಂತ ಹುಡುಕಾಟ. ಎಷ್ಟು ಮುಚ್ಚಿಟ್ಟರೂ ಮೊಸರಿನ ಪಾತ್ರೆಯಲ್ಲಿ ತೆಳ್ಳಗೆ ಧೂಳು. ಹಳೇ ಸೀರೆಗಳನ್ನು ಒದ್ದೆ ಮಾಡಿ ಬಾಗಿಲಿಗೆ ಕಟ್ಟುತ್ತಿದ್ದೆವು. ಒದ್ದೆ ಬಟ್ಟೆ ಧೂಳು ಹಿಡಿಯುತ್ತದೆ, ಪ್ಲಾಸ್ಟಿಕ್ ಹಾಳೆಗಿಂತ ಅದು ವಾಸಿ. ಆದರೂ ಅತ್ತೆಗೆ ಕೆಮ್ಮು ಹಿಡಿಯಿತು. ಎರಡು ವಾರ ನಾವು ಉಳಿ ಸುತ್ತಿಗೆ ಕೆಳಗಿಟ್ಟೆವು. ಅವರ ಕೆಮ್ಮು ನಿಂತ ಮೇಲೆಯೇ ಮತ್ತೆ ಕೆಲಸ ಶುರು.

ಆಗ ಅತ್ತೆಯೇ ಒಂದು ನಿಯಮ ಮಾಡಿದರು. ದೇವರ ಗೂಡು ಇರುವ ಕೋಣೆ, ಅದರ ಪಕ್ಕದ ಮಗಳ ಕೋಣೆ, ಈ ಎರಡನ್ನು ಕೊನೆಯವರೆಗೂ ಮುಟ್ಟಬಾರದು. ಅಲ್ಲಿಗೆ ಒಂದು ಸಲಿಕೆ ಕೂಡ ಹೋಗಬಾರದು. ಮನೆಯಲ್ಲಿ ಇದ್ದುಕೊಂಡು ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವುದೇ ಇದನ್ನು. ಕಾಲು ತೊಳೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಎಲ್ಲವೂ ಮೊದಲಿನ ಹಾಗೇ ಇದೆ ಅನ್ನಿಸುವ ಒಂದು ಜಾಗ ಬೇಕು. ಮಗಳು ಮಾರ್ಚ್ ಪರೀಕ್ಷೆಗೆ ಅಲ್ಲೇ ಓದಿದಳು. ನಾನೂ ಕೆಲವು ರಾತ್ರಿ ಅಲ್ಲಿ ಸುಮ್ನೆ ಹೋಗಿ ಕೂರುತ್ತಿದ್ದೆ.

ಮುಚ್ಚುಮರೆ ಇಲ್ಲದೆ ಹೇಳಬೇಕೆಂದರೆ, ನಾವು ಗಂಡ ಹೆಂಡತಿ ಆ ಎರಡು ವರ್ಷದಲ್ಲಿ ಜಗಳ ಆಡಿದಷ್ಟು ಹಿಂದೆ ಯಾವತ್ತೂ ಆಡಿರಲಿಲ್ಲ. ಅವರಿಗೆ ಶುರು ಮಾಡಿದ್ದನ್ನು ರಾತ್ರಿಯಾದರೂ ಮುಗಿಸಬೇಕು. ನನಗೆ ಸಂಜೆ ಆರಕ್ಕೆ ಸಾಮಾನು ತೊಳೆದಿಡಬೇಕು. ದಣಿದ ಮೈಗೆ ಸಣ್ಣ ಮಾತೂ ಚುಚ್ಚುತ್ತದೆ. ಕೊನೆಗೆ ಭಾನುವಾರ ಕೆಲಸ ಇಲ್ಲ ಅಂತ ಒಪ್ಪಂದ ಮಾಡಿಕೊಂಡೆವು. ಭಾನುವಾರ ತುಂಗೆಯ ದಡಕ್ಕೆ ಹೋಗಿ ಕೂರುವುದು, ಇಲ್ಲವೇ ನೆಂಟರ ಮನೆ. ಅಲ್ಲಿ ಧೂಳಿಲ್ಲದ ಬಚ್ಚಲಿನಲ್ಲಿ ಬಿಸಿ ನೀರಿನ ಸ್ನಾನ. ಅದು ನಮ್ಮನ್ನು ಉಳಿಸಿತು.

ಮಾಡಿನ ಕೆಲಸ ಏಪ್ರಿಲ್, ಮೇ ತಿಂಗಳಿನದು. ಮಂಗಳೂರು ಹೆಂಚಿನ ಕಥೆ ನಿಮಗೆ ಗೊತ್ತಿರಬಹುದು. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ನೇತ್ರಾವತಿಯ ಜೇಡಿಮಣ್ಣಿನಿಂದ ಈ ಹೆಂಚು ಮಾಡಲು ಶುರು ಮಾಡಿದರು. ಜಾರ್ಜ್ ಪ್ಲೆಬ್ಸ್ಟ್ ಅನ್ನುವವರು ಅದಕ್ಕೆ ಮುಖ್ಯ ಕಾರಣ. ಒಂದು ಹೆಂಚಿನ ಅಂಚು ಪಕ್ಕದ ಹೆಂಚಿನ ಕಾಲುವೆಯಲ್ಲಿ ಕೂರುತ್ತದೆ. ಹಿಂಬದಿಯ ಹಲ್ಲು ರೀಪಿಗೆ, ಅಂದರೆ ಹೆಂಚು ಕೂರುವ ಮರದ ಅಡ್ಡಪಟ್ಟಿಗೆ, ಸಿಕ್ಕಿಕೊಳ್ಳುತ್ತದೆ. ಮೊಳೆ ಇಲ್ಲದೆ ಮಾಡು ನಿಲ್ಲುತ್ತದೆ, ಒಂದು ಒಡೆದರೆ ಒಂದನ್ನೇ ಬದಲಾಯಿಸಬಹುದು. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು. ನಾವು ಒಂದೊಂದನ್ನೂ ಇಳಿಸಿ, ಪಾಚಿ ಉಜ್ಜಿ, ಬೆರಳ ಗೆಣ್ಣಿನಿಂದ ಬಡಿದು ನೋಡಿದೆವು. ಗಟ್ಟಿ ಹೆಂಚು ಗಂಟೆಯ ಹಾಗೆ ಣಣ್ ಅನ್ನುತ್ತದೆ. ಕೂದಲೆಳೆಯಷ್ಟು ಸೀಳಿದ್ದರೂ ಒಡಕು ಶಬ್ದ. ಅತ್ತೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡೇ "ಇದು ಬೇಡ", "ಇದು ಇರಲಿ" ಅನ್ನುತ್ತಿದ್ದರು. ಹತ್ತಕ್ಕೆ ಎಂಟಕ್ಕಿಂತ ಜಾಸ್ತಿ ಹೆಂಚು ಮತ್ತೆ ಮಾಡಿಗೇ ಹೋದವು. ಬದಲಾಯಿಸಬೇಕಾದ್ದು ಗೋಡೆಗೆ ತಾಗುವ ಕಡೆ ಒರಲೆ ತಿಂದ ಏಳು ಪಕಾಸಿ (ರೀಪನ್ನು ಹೊರುವ ಇಳಿಜಾರು ಮರ), ಮತ್ತು ಅರ್ಧದಷ್ಟು ರೀಪು. ತಗಡಿನ ಶೀಟು ಹಾಕಿಸಿದ್ದರೆ ಆ ಪಕಾಸಿಗಳು ಕಣ್ಣಿಗೇ ಬೀಳದೆ ಹೋಗಬಹುದಿತ್ತು.

ಒಂದು ದೊಡ್ಡ ತಪ್ಪು ಮಾಡಿದೆವು. ಮೇ ತಿಂಗಳ ಒಂದು ದಿನ ಆಕಾಶ ತಿಳಿಯಾಗಿತ್ತು ಅಂತ ಅರ್ಧ ಮಾಡಿನ ಹೆಂಚು ಒಟ್ಟಿಗೇ ಇಳಿಸಿದೆವು. ಮೂರು ಗಂಟೆಗೆ ಪಶ್ಚಿಮದಲ್ಲಿ ಕಪ್ಪಾಯಿತು. ಕೃತ್ತಿಕಾ ಮಳೆ, ಗುಡುಗು ಗಾಳಿ ಜೊತೆ. ಟಾರ್ಪಾಲು ಹಾರಿಹೋಯಿತು. ಅಟ್ಟದ ಮೇಲಿದ್ದ ಅಕ್ಕಿ, ಮಾವನವರ ಹಳೇ ಕಾಗದಪತ್ರ, ಎರಡು ಹಾಸಿಗೆ ನೆನೆದುಹೋದವು. ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿದೆವು. ಕೆಲವು ಅಕ್ಷರ ಹೋಗಿಬಿಟ್ಟಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ದಿನದ ನಂತರ, ಸಂಜೆಯೊಳಗೆ ಮುಚ್ಚಲು ಆಗುವಷ್ಟನ್ನು ಮಾತ್ರ ಬೆಳಿಗ್ಗೆ ಬಿಚ್ಚಿದೆವು. ಇನ್ನೊಂದು ಮಾತು, ಹೆಂಚಿನ ಮೇಲೆ ನೇರವಾಗಿ ಕಾಲಿಡಬೇಡಿ. ಹಲಗೆ ಏಣಿ ಹಾಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಹತ್ತಿ.

ಕರೆಂಟಿನ ಕೆಲಸ ನಾವು ಮುಟ್ಟಲಿಲ್ಲ. ಲೈಸೆನ್ಸ್ ಇರುವವರನ್ನೇ ಕರೆಸಿದೆವು. ಮರದ ಪಟ್ಟಿಯ ಹಳೇ ವೈರಿಂಗು, ಅರ್ಥಿಂಗೇ ಇರಲಿಲ್ಲ. ಒದ್ದೆ ಗೋಡೆಯ ಮನೆಯಲ್ಲಿ ಅದು ಎಷ್ಟು ಅಪಾಯ ಯೋಚಿಸಿ. ಲೋಡು ಜಾಸ್ತಿಯಾದರೆ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚಿನ ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿಕೊಳ್ಳಿ. ಯಾರದಾದರೂ ಮೈಯಿಂದ ಕರೆಂಟು ನೆಲಕ್ಕೆ ಸೋರಿದ ಕ್ಷಣ ಆರ್‌ಸಿಸಿಬಿ ಲೈನು ಕಡಿಯುತ್ತದೆ.

ಇನ್ನೆರಡು ಸಂಗತಿ ಮಕ್ಕಳಿರುವ ಮನೆಯವರಿಗೆ. ಬಚ್ಚಲಿಗೆ ಹಳೇ ಸಿಮೆಂಟ್ ಶೀಟು ಇದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಒಡೆದರೆ, ಕೊರೆದರೆ ಅದರ ನಾರು ಗಾಳಿಗೆ ಬರುತ್ತದೆ, ಉಸಿರಿನಲ್ಲಿ ಹೋದರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ತರಬಹುದು. ನಾವು ಮಾಸ್ಕ್ ಹಾಕಿಕೊಂಡು, ನೀರಿನಲ್ಲಿ ನೆನೆಸಿ, ಬೋಲ್ಟ್ ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸಿದೆವು. ಎರಡನೆಯದು ಬಾಗಿಲು ಕಿಟಕಿಯ ಹಳೇ ಬಣ್ಣ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದೆ ಅಂತಲೇ ಅಂದುಕೊಳ್ಳಿ. ಒಣಗಿದ್ದನ್ನು ಉಪ್ಪುಕಾಗದದಲ್ಲಿ ತಿಕ್ಕಬೇಡಿ. ಒದ್ದೆ ಮಾಡಿ ತಿಕ್ಕಿ, ಒರೆಸಿದ ಬಟ್ಟೆಯನ್ನು ಕಟ್ಟಿ ಬಿಸಾಡಿ. ಆ ಕೆಲಸ ಅಂಗಳದಲ್ಲೇ ಮಾಡಿ.

ನೆಲದ ಬಗ್ಗೆ ಸ್ವಲ್ಪ ಹೇಳಿ ಮುಗಿಸುತ್ತೇನೆ. ಕೆಂಪು ಗಾರೆ ನೆಲದಲ್ಲಿ ಬಿರುಕು ಬಿಟ್ಟಿತ್ತು, ಎರಡು ಕಡೆ ಗುಳಿ. ಟೈಲ್ಸ್ ಹಾಕುವುದು ಬೇಡ ಅಂತ ಹೇಳಿದ್ದು ಮಗಳು. ಬೇಸಿಗೆಯ ಮಧ್ಯಾಹ್ನ ಅವಳು ಯಾವಾಗಲೂ ಆ ತಣ್ಣನೆ ನೆಲದ ಮೇಲೇ ಮಲಗುವುದು. ಗುಳಿಯನ್ನು ಬಿಡಿಸಿ ಸಿಮೆಂಟು, ರೆಡ್ ಆಕ್ಸೈಡ್ ಪುಡಿ ಕಲಸಿ ತುಂಬಿದೆವು. ಕರಣೆಯಿಂದ ಉಜ್ಜಿ ಉಜ್ಜಿ ಹೊಳಪು ತಂದು, ಒಂದು ವಾರ ನೀರು ನಿಲ್ಲಿಸಿದೆವು. ಬಣ್ಣ ಹೊಂದಲಿಲ್ಲ. ಹಳೆಯದು ಎಷ್ಟೋ ವರ್ಷ ಜನ ಓಡಾಡಿ, ಒರೆಸಿ ಒರೆಸಿ ಬಂದ ಕೆಂಪು. ಹೊಸದು ಇಟ್ಟಿಗೆಯ ಬಣ್ಣ. ನಾನು ಕಿತ್ತು ಮತ್ತೆ ಮಾಡೋಣ ಅಂದೆ. ಅತ್ತೆ ಬೇಡ ಅಂದರು. "ನೀನು ಮಾಡಿದ್ದು ಅಂತ ಗೊತ್ತಾಗಲಿ ಬಿಡು" ಅಂದರು. ಆ ಗುಳಿಯ ಜಾಗ ಹಾಗೇ ಇದೆ.

ಎರಡನೇ ಮಳೆಗಾಲದಲ್ಲಿ ಮಗಳು ಮತ್ತೆ ಪೆನ್ಸಿಲ್ ಹಿಡಿದಳು. ಆ ವರ್ಷದ ಮೇಲಿನ ಗೆರೆ ನೆಲದಿಂದ ಒಂದೂಕಾಲು ಅಡಿ. ಈ ವರ್ಷ ಒಂದು ಗೇಣು ಕೂಡ ದಾಟಲಿಲ್ಲ. ನಡುಮನೆಗೆ ಸುಣ್ಣ ಬಳಿಯುವಾಗ ಬಾಗಿಲ ಹಿಂದಿನ ಆ ಗೆರೆಗಳ ಜಾಗವನ್ನು ಬಳಿಯದೆ ಬಿಟ್ಟಿದ್ದೇವೆ. ಹಿಂದೆ ಬಂದಷ್ಟು ನೀರು ಮತ್ತೆ ಬಂದರೆ ಗೊತ್ತಾಗಬೇಕಲ್ಲ.

ಮನೆ ಪೂರ್ತಿ ಮುಗಿದಿದೆಯಾ ಅಂತ ಆಗಲೇ ಒಬ್ಬರು ಕೇಳಿದರು. ಇಲ್ಲ. ಬಚ್ಚಲಿನ ಹೊರಗೋಡೆ ಬಾಕಿ ಇದೆ. ಅದಕ್ಕೆ ಬೇಕಾದ ಮಣ್ಣನ್ನು ಹುಲ್ಲು ಸೇರಿಸಿ ನೆನೆಸಿ ಇವತ್ತಿಗೆ ಒಂಬತ್ತು ದಿನವಾಯಿತು. ನಾಳೆ ಬೆಳಿಗ್ಗೆ ತುಳಿಯಬೇಕು. ಆರು ಗಂಟೆಯ ಬಸ್ಸಿಗೆ ಹೊರಟರೆ ರಾತ್ರಿ ಊಟದ ಹೊತ್ತಿಗೆ ಮನೆ ಸೇರುತ್ತೇನೆ. ಅಲ್ಲಿಯವರೆಗೆ ನೀವು ಏನು ಬೇಕಾದರೂ ಕೇಳಿ. ಬಾಟಲಿಯಲ್ಲಿ ಹಾಕಿದ ಮಣ್ಣು, ಗಿಲಾವಿನ ಆ ನಾಲ್ಕು ತುಂಡು ಎಲ್ಲವನ್ನೂ ತಂದಿದ್ದೇನೆ. ಹತ್ತಿರ ಬಂದು ಮುಟ್ಟಿ ನೋಡಿ.